ಬಿಳಿ ಮಾತಿನ ಸರದಿ

ನಮ್ಮೂರಿನಲ್ಲಿ ದನಿ ಹೊಸ್ತಿಲು ದಾಟುವುದಿಲ್ಲ. ಮನೆಯೊಳಗೆ ಕೂತು ಆಡಿದ ಮಾತು ಎಲ್ಲ ಊರುಗಳಂತೆ ಕಿವಿಗೆ ಬೀಳುತ್ತದೆ. ಒಂದು ಹೆಜ್ಜೆ ಹೊರಗಿಟ್ಟರೆ ಬಾಯಿ ಆಡುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಬೀದಿಯಲ್ಲಿ ಎದುರಾದವರು ಕೈ ಎತ್ತಿ, ಹುಬ್ಬು ಹಾರಿಸಿ ಮುಂದೆ ಸಾಗುತ್ತಾರೆ. ಸಂತೆಯ ವ್ಯಾಪಾರವೆಲ್ಲ ಬೆರಳಿನ ಮೇಲೆ. ಹೀಗಾಗಿ ಪ್ರತಿ ಮನೆಯಲ್ಲೂ ಒಂದು ಮಾತಿನ ಪೆಟ್ಟಿಗೆ ಇದೆ, ಪೆಟ್ಟಿಗೆಯಿಂದ ಒಂದು ತಂತಿ ಹೊರಡುತ್ತದೆ, ಎಲ್ಲ ತಂತಿಗಳೂ ಸ್ವಿಚ್ ಮನೆಗೆ ಬಂದು ಸೇರುತ್ತವೆ. ಆ ಸ್ವಿಚ್ ಮನೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳು ನಾನು. ಹೆಸರು ದಾಕ್ಷಾಯಣಿ. ಊರಿನವರಿಗೆ ದಾಕ್ಷಕ್ಕ. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದಾವು, ಹೊರಗೆ ಆಡಿದ್ದು ಕೇಳಿಸದ ಊರಿನಲ್ಲಿ ಅದೊಂದು ಅನುಕೂಲ.

ನನ್ನ ಕೋಣೆಯ ಗೋಡೆಗೆ ಆಳೆತ್ತರದ ಕಪಾಟು. ಅದರಲ್ಲಿ ಒಂದರ ಮೇಲೊಂದು ಕೂತ, ಒಂದು ತಂತಿಯ ಮಾತನ್ನು ಇನ್ನೊಂದಕ್ಕೆ ದಾಟಿಸುವ ಒಂಬತ್ತು ಸ್ವಿಚ್‌ಗಳು, ಮನೆಯ ತಂತಿ ಸಿಕ್ಕಿಸಲು ಮನೆಗೊಂದು ಕಿಂಡಿ, ಅಂದರೆ ಪೋರ್ಟ್, ಪೋರ್ಟಿಗೊಂದು ದೀಪ. ಯಾರು ಏನು ಮಾತಾಡಿದರು ಎನ್ನುವುದು ನನಗೆ ಕೇಳಿಸುವುದಿಲ್ಲ. ಎಷ್ಟು ಮಾತು ಬಂತು, ಎಷ್ಟು ಹೋಯಿತು, ಎಷ್ಟು ಕಾದಿದೆ, ಎಷ್ಟು ಬಿದ್ದುಹೋಯಿತು ಎಂಬುದಷ್ಟೇ ಪರದೆಯ ಮೇಲೆ ಕಾಣುತ್ತದೆ. ತಂತಿ ಸಣ್ಣದು, ಊರಿನ ಬಾಯಿ ದೊಡ್ಡದು. ಮಿತಿ ಹಾಕದೆ ನಡೆಯುವುದಿಲ್ಲ. ಮನೆಗೆ ತಾಸಿಗೆ ಹತ್ತು ಮಾತು ಎಂದು ಮಿತಿ ಕಟ್ಟಿದ್ದೆ. ಗುಂಡಿ ಒತ್ತಿ, ಒಂದು ಉಸಿರಿನಲ್ಲಿ ಹೇಳಿ ಬಿಟ್ಟರೆ ಅದು ಒಂದು ಮಾತು. ಹನ್ನೊಂದನೆಯದನ್ನು ಸ್ವಿಚ್ ಕೈಬಿಡುತ್ತದೆ. ಜನ ಹೊಂದಿಕೊಂಡಿದ್ದರು. ನಮ್ಮಲ್ಲಿ ಮದುವೆಯ ಮಾತುಕತೆ ಎಂಟು ಮಾತಿನಲ್ಲಿ ಮುಗಿಯುತ್ತದೆ, ಉಳಿದ ಎರಡು ಉಡುಗೊರೆಗೆ.

ಪೆಟ್ಟಿಗೆಗೆ ಮೂರು ಗುಂಡಿ. ಸಾವು, ಬೆಂಕಿ, ಹೆರಿಗೆಗೆ ಕೆಂಪು. ವ್ಯಾಪಾರ, ಕಚೇರಿಗೆ ಹಳದಿ. ಮಿಕ್ಕ ಎಲ್ಲಕ್ಕೂ ಬಿಳಿ. ಸ್ವಿಚ್ ಒಳಗೂ ಮೂರು ಸಾಲು. ಕೆಂಪು ಸಾಲು ಪೂರ್ತಿ ಖಾಲಿಯಾಗುವ ತನಕ ಹಳದಿ ಕದಲುವಂತಿಲ್ಲ, ಹಳದಿ ಖಾಲಿಯಾಗುವ ತನಕ ಬಿಳಿ ಕದಲುವಂತಿಲ್ಲ. ಈ ನಿಯಮವನ್ನು ಬರೆದವಳು ನಾನೇ. ಊರ ಹಿರಿಯ ಗುರುಪಾದಪ್ಪನವರು ಸಭೆಯಲ್ಲಿ ಅದನ್ನು ಓದಿಸಿ, ‘ಇದಕ್ಕ ಎರಡು ಮಾತಿಲ್ಲ’ ಎಂದಿದ್ದರು. ಫಕೀರಪ್ಪನೆಂಬವನು ತಪ್ಪಿಸಿಕೊಂಡ ಆಡಿಗೋಸ್ಕರ ಕೆಂಪು ಒತ್ತಿ ಇಡೀ ಓಣಿ ಅಳುವಂತೆ ಮಾಡಿದಾಗ, ಅವನ ಪೋರ್ಟಿನ ಮೇಲಿನ ನಂಬಿಕೆಯನ್ನೇ ತೆಗೆದುಹಾಕಿದೆ. ಒಂದು ತಿಂಗಳು ಅವನು ಯಾವ ಗುಂಡಿ ಒತ್ತಿದರೂ ಸ್ವಿಚ್ ಅದನ್ನು ಬಿಳಿ ಎಂದೇ ತಿಳಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನನಗೆ ನನ್ನ ಕೆಲಸದ ಬಗ್ಗೆ ಹಮ್ಮಿತ್ತು, ಮುಚ್ಚಿಡುವುದೇನು.

ವಾರಕ್ಕೆ ಒಂದೋ ಎರಡೋ ಸಾವು ಆಗುವ ಊರಿನಲ್ಲಿ ಈ ನಿಯಮದ ತಪ್ಪು ಯಾರಿಗೂ ಕಾಣಲಿಲ್ಲ.

ಆ ವರ್ಷ ಜ್ವರ ಬಂತು. ಮೊದಲ ದಿನ ಮೂರು ಹೆಣ, ನಾಲ್ಕನೆಯ ದಿನ ಹದಿನೇಳು. ಒಂದು ಸಾವೆಂದರೆ ಒಂದು ಮಾತಲ್ಲ. ಬೀಗರು, ಅಣ್ಣತಮ್ಮಂದಿರು, ಕೊಟ್ಟ ಮನೆ, ತಂದ ಮನೆ, ಎಲ್ಲ ಕೂಡಿ ನಲವತ್ತು ಐವತ್ತು ಮಾತು. ಕೆಂಪು ಸಾಲು ಖಾಲಿಯಾಗುವುದನ್ನೇ ಮರೆಯಿತು. ನಾಲ್ಕನೆಯ ದಿನ ಸಂಜೆಗೆ ಹಳದಿ ನಿಂತಿತು, ಐದನೆಯ ದಿನ ಬೆಳಗ್ಗೆ ಬಿಳಿ ನಿಂತಿತು. ಊರಾಚೆ ಹಳ್ಳದ ದಂಡೆಯಲ್ಲಿ ಜ್ವರದ ಚಾವಡಿ ಎದ್ದಿತು. ರೋಗಿಯಾಗಿ ಹೋಗಲಿ, ಆರೈಕೆಗೆ ಹೋಗಲಿ, ಅದರ ಒಳಗೆ ಹೋದವರು ಜ್ವರ ಇಳಿಯುವ ತನಕ ಊರೊಳಗೆ ಬರುವಂತಿಲ್ಲ. ಅಲ್ಲಿ ತೀರಿಕೊಂಡವರನ್ನು ಉಸಿರು ನಿಂತ ಒಂದು ತಾಸಿನೊಳಗೆ ಮಣ್ಣು ಮಾಡುತ್ತಿದ್ದರು. ಆದ್ದರಿಂದ ಕೆಂಪು ಮಾತು ಕಾಲು ತಾಸಿನಲ್ಲಿ ಮುಟ್ಟಬೇಕಿತ್ತು, ಮುಟ್ಟುತ್ತಿತ್ತು. ಒಂದು ಸಾವಿನ ಸುದ್ದಿಯೂ ತಡವಾಗಲಿಲ್ಲ. ಚಾವಡಿಯ ಬೇಲಿಯ ಹೊರಗೆ ನಿಂತಾದರೂ ಹೆಣದ ಮುಖ ನೋಡದೆ ಉಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ನಾನು ಪರದೆಯ ಮುಂದೆ ಕೂತು, ನಿಯಮ ಅಂದರೆ ಹೀಗಿರಬೇಕು ಎಂದುಕೊಂಡೆ.

ಆದರೆ ಪೆಟ್ಟಿಗೆ ಬಡಿದರೆ ಸಾವು ಎಂದೇ ಆಯಿತು. ಉಂಡೆಯಾ ಎನ್ನುವ ಮಾತಿಲ್ಲ, ನಾಳೆ ಬಾ ಎನ್ನುವುದಿಲ್ಲ, ನನ್ನ ಕೊಡ ನಿನ್ನ ಮನೆಯಲ್ಲಿದೆ ಎನ್ನುವುದಿಲ್ಲ. ಪೆಟ್ಟಿಗೆಯ ಸದ್ದಿಗೆ ಹೆಂಗಸರು ಕೈಯಲ್ಲಿದ್ದುದನ್ನು ಕೆಳಗೆ ಹಾಕುತ್ತಿದ್ದರು. ಕೆಲವರು ಅದರ ಮೇಲೆ ಕೌದಿ ಹೊದಿಸಿಟ್ಟರು. ಎದುರು ಮನೆಯ ಶಿಕ್ಷಕರು ಬಾಗಿಲಲ್ಲಿ ಕೂತು ದಿನವಿಡೀ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಜ್ವರ ಬಾರದವರ ಮುಖವೂ ಜ್ವರ ಬಂದವರ ಮುಖದಂತೆಯೇ ಇತ್ತು. ನಾನು ಅದನ್ನೆಲ್ಲ ಕಿಟಕಿಯಿಂದ ನೋಡಿದೆ, ಮತ್ತೆ ತಿರುಗಿ ಪರದೆ ನೋಡಿದೆ.

ಬಿಳಿ ನಿಂತು ಹನ್ನೆರಡು ದಿನವಾದ ಮೇಲೆ ಚಂದ್ರವ್ವ ನನ್ನ ಹೊಸ್ತಿಲು ದಾಟಿ ಒಳಗೆ ಬಂದಳು. ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುವ ಬಾಳಪ್ಪನ ಹೆಂಡತಿ, ಮೂವತ್ತರ ಆಸುಪಾಸು. ಚಾವಡಿಗೆ ಹೊರಸು ಬೇಕೆಂದು ಬಾಳಪ್ಪ ಹೋಗಿದ್ದ. ಹೋದವನು ಬೇಲಿಯ ಹೊರಗಿನಿಂದಲೇ ರೋಗಿಗಳನ್ನು ನೋಡಿ, ಹಿಂದೆ ಬರಲು ಮನಸ್ಸಾಗದೆ ಆರೈಕೆಗೆ ಹೆಸರು ಬರೆಸಿ ಅಲ್ಲೇ ಉಳಿದಿದ್ದ.

"ಅಕ್ಕಾರ, ಒಂದ ಮಾತು ದಾಟಿಸ್ರಿ," ಎಂದಳು. ಕೂರು ಎಂದರೂ ಕೂರಲಿಲ್ಲ.

"ಬಿಳಿ ನಿಂತೈತಿ, ಚಂದ್ರವ್ವ. ನಿನಗೊಬ್ಬಾಕಿಗೆ ಅಲ್ಲ, ಊರಿಗೇ ನಿಂತೈತಿ."

"ನನ್ನ ಕೇಳದ ಹೆಸರು ಬರಸ್ಯಾರ ಅಂತ ನನಗ ಸಿಟ್ಟು ಬಂದಿತ್ರೀ. ಅರಿವಿ ಒಯ್ಯಾಕ ಮನಿಗೆ ಮಂದೀನ ಕಳಿಸಿದ್ರ, ರೊಟ್ಟಿ ಗಂಟು ಸೈತ ಕೊಡಲಿಲ್ಲ ನಾನು. ಈಗ ಸಿಟ್ಟಿಲ್ಲ. ಸಿಟ್ಟಿಲ್ಲ ಅಂತ ದಿನಾ ಹೇಳಾಕತ್ತೀನಿ, ಅತ್ತಾಗಿಂದ ಹೂಂ ಇಲ್ಲ, ಹಾಂ ಇಲ್ಲ."

ಅವಳ ಪೋರ್ಟನ್ನು ಪರದೆಯ ಮೇಲೆ ತೆಗೆದು ನೋಡಿದೆ. ಪ್ರತಿ ಮನೆಗೂ ಬಿಳಿ ಸಾಲಿನಲ್ಲಿ ಇಪ್ಪತ್ತು ಮಾತು ಕಾಯುವಷ್ಟು ಜಾಗ, ಅದು ತುಂಬಿದ ಮೇಲೆ ಬಂದದ್ದು ಬಿದ್ದುಹೋಗುತ್ತದೆ. ಅವಳ ಲೆಕ್ಕದಲ್ಲಿ ಇಪ್ಪತ್ತು ಕಾದಿದ್ದವು, ಅರವತ್ತೊಂದು ಬಿದ್ದುಹೋಗಿದ್ದವು. ಅದನ್ನೇ ಹೇಳಿದೆ.

"ಕೆಂಪು ಒತ್ತಿ ಹೇಳಲೇನ್ರೀ ಹಂಗಾದ್ರ?"

"ಸುಳ್ಳು ಕೆಂಪು ನನ್ನ ಕೈಯಾಗ ದಾಟೂದಿಲ್ಲ. ಅವನ ಪೆಟಗಿ ಮ್ಯಾಲ ಕೆಂಪು ದೀಪ ಹತ್ತಿತು ಅಂದ್ರ, ಮಾತು ಕೇಳೂ ಮೊದಲ ನೀನ ಸತ್ತಿ ಅಂತ ತಿಳಕೊಂತಾನ ಅಂವಾ."

ಅವಳು ದೀಪಗಳ ಕಡೆ ತಿರುಗಿದಳು. "ನಾ ಸತ್ತರ ಕಾಲು ತಾಸಿನಾಗ ಅವರಿಗೆ ತಿಳೀತೈತಿ," ಎಂದಳು. "ನಾ ಬದುಕೀನಿ ಅನ್ನೂದು ಹನ್ನೆರಡು ದಿನ ಆದ್ರೂ ತಿಳೀಲಿಲ್ಲ. ಇದ್ಯಾವ ನಿಯಮ ಅಕ್ಕಾರ?"

ನನಗೆ ಸಿಟ್ಟು ಬಂತು. ಬಂದದ್ದು ಅವಳ ಮೇಲೆ ಎಂದೇ ತಿಳಿದು, ಹೋಗು ತಾಯಿ, ಕೆಲಸ ಐತಿ ಎಂದು ಕಳಿಸಿದೆ. ಅವಳು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಸಭೆಯನ್ನು ಕೇಳದೆ ಕೀಲಿಮಣೆಯ ಮುಂದೆ ಕೂತೆ. ಕೆಂಪು ಖಾಲಿಯಾಗುವ ತನಕ ಎನ್ನುವುದನ್ನು ಅಳಿಸಿ, ಮೂರು ಕೆಂಪು ಹೋದ ಮೇಲೆ ಒಂದು ಬಿಳಿಗೆ ಸರದಿ ಎಂದು ಬರೆದೆ, ಹಳದಿ ಹಾಗೇ ಕಾಯಲಿ ಎಂದು ಬಿಟ್ಟೆ. ಕೆಂಪು ಮಾತು ಸ್ವಲ್ಪ ತಡವಾಗಿಯೇ ತೀರುತ್ತದೆ, ಯಾರಿಗೋ ಹೆಣದ ಮುಖ ತಪ್ಪಲೂಬಹುದು ಎಂದು ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಆಮೇಲಿನ ಎರಡು ದಿನ ಊರು ಏನಾಯಿತೆಂದು ಹೇಳುವುದು ಕಷ್ಟ. ಹನ್ನೆರಡು ದಿನದ ಹಿಂದಿನ ಮಾತುಗಳು ಒಂದೊಂದೇ ಬಂದು ಮುಟ್ಟಿದವು. ನಾಳೆ ಹಬ್ಬಕ್ಕೆ ಬಾ ಎಂದು ಕರೆ ಬಂದಾಗ ಹಬ್ಬ ಮುಗಿದಿತ್ತು. ಬೇಳೆ ಹುಳ ಹಿಡಿದೈತಿ, ಬಿಸಿಲಿಗೆ ಹಾಕು ಎಂದು ತಂಗಿಗೆ ಹೇಳಿದವಳು ವಾರದ ಹಿಂದೆಯೇ ತೀರಿಕೊಂಡಿದ್ದಳು. ತಂಗಿ ಅಳುತ್ತಲೇ ಬೇಳೆಯನ್ನು ಬಿಸಿಲಿಗೆ ಹಾಕಿದಳು. ಎದುರು ಮನೆಯ ಶಿಕ್ಷಕರಿಗೆ ಯಾರೋ ಒಂದು ಹಳೆಯ ನಗೆಮಾತು ಕಳಿಸಿದ್ದರು. ಅವರು ಬಾಗಿಲಲ್ಲಿ ಕೂತು ಭುಜ ಕುಣಿಸಿ ನಗುವುದು ನನ್ನ ಕಿಟಕಿಗೆ ಕಂಡಿತು. ಪೆಟ್ಟಿಗೆಗಳ ಮೇಲಿನ ಕೌದಿಗಳನ್ನು ತೆಗೆದರಂತೆ. ಗುರುಪಾದಪ್ಪನವರು ಕೋಲು ಊರಿಕೊಂಡು ಬಂದರು. ಬೈಯಲು ಬಂದಿದ್ದರೆಂದು ಮುಖವೇ ಹೇಳುತ್ತಿತ್ತು.

"ಸಾವಿನ ಸುದ್ದಿ ತಡ ಆಗಾಕತ್ತೈತಿ, ದಾಕ್ಷಾಯಣಿ. ಮಣ್ಣಿಗೆ ತಪ್ಪಿದವರಿಗೆ ಯಾರು ಉತ್ತರ ಕೊಡೋರು?"

"ನಾನ ಕೊಡ್ತೀನಿ, ಅಜ್ಜಾರ."

"ಇಷ್ಟು ದಿನ ಹಿಂಗ ಮಾಡಲಿಲ್ಲಲ್ಲ ಮತ್ತ?"

"ಇಷ್ಟು ದಿನ ತಿಳೀಲಿಲ್ರೀ."

ಅವರು ಬೈಯದೆಯೇ ಕೋಲು ಊರಿಕೊಂಡು ಹೊರಟರು. ಅವರ ಮನೆಗೂ ಆ ಬೆಳಗ್ಗೆ ಮಗಳ ಒಂದು ಬಿಳಿ ಮಾತು ಬಂದಿತ್ತೆಂದು ಆಮೇಲೆ ತಿಳಿಯಿತು.

ಮೂರನೆಯ ದಿನ ಚಂದ್ರವ್ವ ಮತ್ತೆ ಬಂದಳು. ಸಂತೋಷದಿಂದ ಬಂದಾಳು ಎಂದುಕೊಂಡಿದ್ದೆ. ಅವಳು ಒಳಗೆ ಬಂದವಳೇ ಗೋಡೆಗೆ ಒರಗಿ ಕುಸಿದು ಕೂತಳು.

"ಅವರ ಮಾತು ಬಂತ್ರೀ. ‘ಆತು, ಬರೂದಿಲ್ಲ’ ಅಂದ್ರು. ಅಷ್ಟ. ದನಿ ಹಣ್ಣಾಗಿತ್ತು. ಜ್ವರ ಹತ್ತಿದ ದನಿ ಅದು, ನನಗ ಗೊತ್ತು. ಸಿಟ್ಟಿಲ್ಲ ಅಂದವಳಿಗೆ ಯಾಕ್ ಹಂಗ ಅಂದ್ರು?"

ಆಗ ನನ್ನ ತಲೆಗೆ ಹೊಳೆಯಿತು. "ಮೊದಲನೇ ದಿನ ಏನಂದಿದ್ದಿ, ಚಂದ್ರವ್ವ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬೈದಿದ್ದಳು. ತಾಸಿಗೆ ಹತ್ತರ ಮಿತಿಯಲ್ಲಿ ಎರಡು ತಾಸು ಕೂತು ಬೈದಿದ್ದಳು. ಮನಿ ಮರೆತವ, ಅಲ್ಲೇ ಇರು, ತಿರುಗಿ ಬರಬ್ಯಾಡ, ಬಂದ್ರೂ ಬಾಗಿಲಾ ತೆಗೆಯೂದಿಲ್ಲ. ಒಟ್ಟು ಇಪ್ಪತ್ತು ಮಾತು. ಆ ಇಪ್ಪತ್ತೇ ಅವಳ ಕಾಯುವ ಜಾಗವನ್ನು ತುಂಬಿಕೊಂಡಿದ್ದವು. ಮರುದಿನದಿಂದ ಅವಳು ಹೇಳಿದ ಸಿಟ್ಟಿಲ್ಲ, ಸಿಟ್ಟಿಲ್ಲ, ಅರವತ್ತೊಂದೂ ಜಾಗವಿಲ್ಲದೆ ಬಿದ್ದುಹೋಗಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮೂರಿನಲ್ಲಿ ಆಡಿದ ಮಾತು ಹೋಗಿರಲಿಲ್ಲ, ಹನ್ನೆರಡು ದಿನ ಸರದಿಗಾಗಿ ಕಾದು ಕೂತಿತ್ತು. ಮೊದಲು ಬಂದದ್ದು ಮೊದಲು ಹೋಗಲಿ ಎಂದು ಬಾಗಿಲು ತೆಗೆದವಳು ನಾನು. ಪರದೆಯ ಮೇಲೆ ಇಪ್ಪತ್ತು ಎಂಬ ಅಂಕಿ ನೋಡಿದಾಗ, ಅವು ಯಾವ ಇಪ್ಪತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನೋಡಿದೆ. ಆರು ಹೋಗಿದ್ದವು, ಹದಿನಾಲ್ಕು ಉಳಿದಿದ್ದವು, ನಾನು ಬೈದು ಕಳಿಸಿದ ದಿನದಿಂದ ಅವಳು ಗುಂಡಿ ಮುಟ್ಟಿರಲಿಲ್ಲ. ಆ ಹದಿನಾಲ್ಕನ್ನು ನನ್ನ ಕೈಯಾರೆ ಅಳಿಸಿದೆ. ಈಗ ಹೊಸ ಮಾತು ಆಡಿದರೆ ಜಾಗವೇನೋ ಸಿಗುತ್ತದೆ, ಆದರೆ ಅದು ಚಾವಡಿಗೆ ಹೊರಟ ಇಡೀ ಊರಿನ ಬಿಳಿ ಮಾತುಗಳ ಹಿಂದೆ ನಿಂತು ಅವನನ್ನು ಮುಟ್ಟಲು ಎರಡು ದಿನ ಬೇಕು. ಜ್ವರ ಹತ್ತಿದ ಮನುಷ್ಯನಿಗೆ ಎರಡು ದಿನ ಅಂದರೇನು ಎಂದು ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

"ನಾನ ಹೋಗ್ತೀನ್ರೀ," ಎಂದು ಚಂದ್ರವ್ವ ಎದ್ದಳು.

"ನಿನ್ನ ಮನ್ಯಾಗ ಹಾಲು ಕುಡಿಯೂ ಕೂಸು ಐತಿ. ಒಳಗ ಹೋದವರು ಹೊರಗ ಬರೂ ಹಂಗಿಲ್ಲ," ಎಂದೆ. "ಕೆಡಿಸಿದಾಕಿ ನಾನು. ನಾನ ಹೋಗಬೇಕು."

ಗುರುಪಾದಪ್ಪನವರಿಗೆ ಬೀಗದ ಕೈ ಕೊಟ್ಟು, ಮೂರಕ್ಕೊಂದು ಸರದಿ ಮುಟ್ಟಬ್ಯಾಡ್ರಿ ಎಂದಷ್ಟೇ ಹೇಳಿ ಹೊರಟೆ. ಹಳ್ಳದ ದಂಡೆಗೆ ಅರ್ಧ ತಾಸಿನ ದಾರಿ. ಇಪ್ಪತ್ತೆರಡು ವರ್ಷ ಊರಿನ ಮಾತನ್ನೆಲ್ಲ ಸಾಗಿಸಿದವಳು, ಒಂದೇ ಒಂದು ಮಾತನ್ನು ಬಾಯಲ್ಲಿ ಹೊತ್ತು ನಡೆದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಹೆದರಿಕೆಯಾಗುತ್ತಿತ್ತು. ಜ್ವರಕ್ಕಿಂತ ಹೆಚ್ಚಾಗಿ, ತಡವಾಯಿತೇನೋ ಎಂದು.

ಬಾಳಪ್ಪ ತಾನೇ ಹೆಣೆದ ಹೊರಸಿನ ಮೇಲೆ ಮಲಗಿದ್ದ. ತುಟಿಗಳು ಒಡೆದು ಕಪ್ಪಾಗಿದ್ದವು. ನನ್ನನ್ನು ಕಂಡು ಏಳಲು ನೋಡಿದ.

"ದಾಕ್ಷಕ್ಕಾರ, ನೀವ್ಯಾಕ ಬಂದ್ರಿ ಇಲ್ಲಿ?"

"ನಿನ್ನ ಹೇಂತಿ ಹೇಳಿ ಕಳಿಸ್ಯಾಳ. ಸಿಟ್ಟಿಲ್ಲಂತ. ಎರಡನೇ ದಿನದಿಂದನ ಇಲ್ಲಂತ."

ಅವನು ಮುಖ ತಿರುಗಿಸಿದ. "ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಮೊನ್ನೀನೂ ಬೈದಾಳ. ಆರು ಸಲ."

ನಾನು ನೆಲದ ಮೇಲೆ ಕೂತು ಅವನಿಗೆ ಎಲ್ಲವನ್ನೂ ಹೇಳಿದೆ. ಸಾಲು, ಕಾಯುವ ಜಾಗ, ಇಪ್ಪತ್ತು ಬೈಗುಳ, ಬಿದ್ದುಹೋದ ಅರವತ್ತೊಂದು, ನಾನು ಅಳಿಸಿದ ಹದಿನಾಲ್ಕು. ತಪ್ಪು ನನ್ನದು ಎಂದೂ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಅವನ ಹೊಟ್ಟೆ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ.

"ಅರವತ್ತೊಂದು ಸಲ ಅಂದ್ಲಾ?"

"ಅರವತ್ತೊಂದು. ಲೆಕ್ಕ ನಂದು, ತಪ್ಪೂದಿಲ್ಲ."

"ಪೆಟಗಿ ಕೊಡ್ರಿ ಇಲ್ಲಿ."

ಪೆಟ್ಟಿಗೆಯನ್ನು ಅವನ ಬಾಯಿಯ ಹತ್ತಿರ ಹಿಡಿದೆ. ಬಿಳಿ ಗುಂಡಿಯನ್ನು ಅವನೇ ಒತ್ತಿದ. ಉಸಿರು ಸಾಲದೆ ಮೂರು ಸಲ ತಡೆದರೂ ಗುಂಡಿಯಿಂದ ಬೆರಳು ತೆಗೆಯದೆ ಹೇಳಿದ: "ಚಂದ್ರಿ, ನೀ ಬೈದಿದ್ದು ಆರು ಬಂದಾವು. ಇನ್ನಾ ಹದಿನಾಕು ಬಾಕಿ ಅದಾವಂತ. ನೆನಪಿಟ್ಟಗೋ. ಮನಿಗೆ ಬರ್ತೀನಿ, ಎದುರಿಗೆ ನಿಂತು ಬೈ." ಗುಂಡಿ ಬಿಟ್ಟ. ಪಕ್ಕದ ಸಣ್ಣ ಬಿಳಿ ದೀಪ ಹತ್ತಿತು. ಮಾತು ಸ್ವಿಚ್ಚಿನಿಂದ ಹೊರಡುವ ತನಕ ಅದು ಉರಿಯುತ್ತದೆ. ಚಾವಡಿಯವರಿಗೆ ಬಿಳಿ ಮಾತಾಡಲು ಪುರುಸೊತ್ತೆಲ್ಲಿ, ಅಲ್ಲಿಂದ ಊರಿಗೆ ಹೊರಡುವ ಸಾಲಿನಲ್ಲಿ ಅವನ ಮುಂದೆ ಕೆಲವೇ ಮಾತುಗಳಿದ್ದವು. ಮೂರು ನಾಲ್ಕು ತಾಸು ಹಿಡಿಯಬಹುದು ಎಂದು ಅಂದಾಜು ಮಾಡಿದೆ.

ಅವನು ಅದಕ್ಕೂ ಮೊದಲೇ ಹೋದ. ನೀರು ಕುಡಿದ, ಹೊರಸಿನ ಹಗ್ಗ ಸಡಿಲಾಗಿದೆ ಎಂದ, ಆಮೇಲೆ ಮಾತಾಡಲಿಲ್ಲ. ಹೊತ್ತು ಇಳಿಮುಖವಾಗಿತ್ತು. ಚಾವಡಿಯನ್ನು ನೋಡಿಕೊಳ್ಳುತ್ತಿದ್ದ ಶಾಂತಾಬಾಯಿ ನಾಡಿ ಹಿಡಿದು ನೋಡಿ, ಅವನ ರೆಪ್ಪೆ ಮುಚ್ಚಿ, ಹೊರಗೆ ಗುಂಡಿ ತೋಡುವವರಿಗೆ ಕೈಸನ್ನೆ ಮಾಡಿ ಬಂದಳು.

"ಕೆಂಪು ಒತ್ರಿ ಅಕ್ಕಾರ. ಇನ್ನೊಂದು ತಾಸಿನಾಗ ಮಣ್ಣು. ಅಕಿಗೆ ಬರಾಕ ವ್ಯಾಳ್ಯಾ ಬೇಕು."

ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಬಿಳಿ ದೀಪ ಇನ್ನೂ ಉರಿಯುತ್ತಿತ್ತು. ಕೆಂಪು ಒತ್ತಿದರೆ ಅದು ಬಿಳಿಯನ್ನು ಹಿಂದೆ ಹಾಕಿ ಓಡುತ್ತದೆ. ಮೊದಲು ಗಂಡ ಸತ್ತ ಸುದ್ದಿ ಮುಟ್ಟುತ್ತದೆ, ಅದರ ಮೇಲೆ, ಮನಿಗೆ ಬರ್ತೀನಿ ಎನ್ನುವ ಅವನ ದನಿ ಮುಟ್ಟುತ್ತದೆ. ಒತ್ತದೆ ಕೂತರೆ ಅವಳಿಗೆ ಅವನ ಮುಖ ಸಿಗುವುದಿಲ್ಲ. ಎರಡರಲ್ಲಿ ಒಂದು.

"ಒತ್ರಿ," ಎಂದಳು ಶಾಂತಾಬಾಯಿ ಮತ್ತೆ.

"ತಡಿ," ಎಂದೆ.

ಆಡಿನ ಸಲುವಾಗಿ ಕೆಂಪು ಒತ್ತಿದವನ ಬಾಯಿಯನ್ನು ತಿಂಗಳು ಕಟ್ಟಿದ್ದ ನಾನು, ಕಣ್ಣೆದುರಿನ ಸಾವನ್ನು ತಡೆದು ಹಿಡಿದು ಕೂತೆ. ಶಾಂತಾಬಾಯಿ ನನ್ನನ್ನು ಬೈದಳು, ಅತ್ತಳು, ಕೊನೆಗೆ ನನ್ನ ಪಕ್ಕದಲ್ಲೇ ಕೂತಳು. ಹೊರಗೆ ಗುದ್ದಲಿಗಳು ಸದ್ದಿಲ್ಲದೆ ಏಳುತ್ತಿದ್ದವು, ಬೀಳುತ್ತಿದ್ದವು. ಅರ್ಧ ತಾಸಿನ ಮೇಲೆ ಬಿಳಿ ದೀಪ ಆರಿತು. ನಾನು ಕೆಂಪು ಒತ್ತಿ, ಹೇಳಬೇಕಾದ್ದನ್ನು ಹೇಳಿದೆ.

ಚಂದ್ರವ್ವ ಓಡುತ್ತಾ ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಬೇಲಿಯ ಆಚೆ ಅವಳು, ಈಚೆ ನಾನು. ಅವಳ ಬಾಯಿ ತೆರೆದಿತ್ತು. ನಮ್ಮೂರಿನ ಬಯಲಿನಲ್ಲಿ ಅಳುವೂ ಕೇಳಿಸುವುದಿಲ್ಲ.

ಊರಿನ ಜ್ವರ ಇಳಿದು ನಾನು ಮರಳಿದ್ದು ಎರಡು ತಿಂಗಳ ಮೇಲೆ. ಬಂದ ವಾರದಲ್ಲೇ ಅವಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಸ್ವಿಚ್ ಮನೆಗೆ ಬಂದಳು. ಶಾಂತಾಬಾಯಿ ಅವಳಿಗೆ ಎಲ್ಲ ಹೇಳಿದ್ದಾಳೆಂದು ನನಗೆ ಗೊತ್ತಿತ್ತು. ಬೈದರೆ ಬೈಯಲಿ ಎಂದು ಕೂತೆ. ಅವಳು ಕೂಸನ್ನು ನೆಲಕ್ಕೆ ಬಿಟ್ಟು, ನನ್ನ ಎದುರು ಕೂತು, ಮೆಲ್ಲಗೆ ಮಾತಾಡಿದಳು.

"ಅವರ ಮಾತು ಬಂತಲ್ರೀ ಅಕ್ಕಾರ, ನಾನು ನಕ್ಕೆ. ಹದಿನಾಕು ಬೈಗುಳ ಯಾವ್ಯಾವು ಅಂತ ಬೆರಳು ಮಡಚಿ ಎಣಿಸಿಕೊಂತ ನಕ್ಕೆ. ಹೊಸಾವೂ ಎರಡು ಕೂಡಿಸಿದೆ. ನೀರು ಕಾಸಾಕ ಇಟ್ಟೆ, ಬಂದ್ರ ಮೈ ತೊಳಕೊಳ್ಳಾಕ ಬೇಕಲ್ಲ ಅಂತ. ಆಮ್ಯಾಲ ಕೆಂಪು ಬಂತು." ಅವಳು ಕೂಸಿನ ಅಂಗಿ ಸರಿಮಾಡಿದಳು. "ಕಾಲು ತಾಸು ಅವರು ಸತ್ತ ಮ್ಯಾಲ ನಾನು ಅವರ ಕೂಡ ಸಂಸಾರ ಮಾಡಿದೆ. ಮುಖಾ ನೋಡಲಿಲ್ಲ. ಆ ಕಾಲು ತಾಸು ನನಗ ನೀವು ಕೊಟ್ರೋ, ನನ್ನ ಕಡೆಯಿಂದ ಕಸಗೊಂಡ್ರೋ, ದಿನಾ ಕೇಳಕೋತೀನಿ. ತಿಳೀವಲ್ದು."

ನನಗೂ ತಿಳಿದಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿ, ಕೂಸನ್ನು ಎತ್ತಿಕೊಂಡು, ಹೊಸ್ತಿಲ ಒಳಗೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು.